ದಿನಕ್ಕೆ 600 ಕಿ.ಮೀ., ಹೆಂಡ್ತಿ ಜೊತೆ 10 ದಿನದ ಬೈಕ್ ಟೂರ್ – ಪ್ಲಾನ್ ಜಾಸ್ತಿ ಆಯ್ತಾ?

ಮೊದಲಸವಾರಿ
ಎಲ್ರಿಗೂ ನಮಸ್ಕಾರ. ದಿನಾ ಕೆಲಸಕ್ಕೆ ಬೈಕಲ್ಲೇ ಓಡಾಡೋನು ನಾನು, ಎಂಟು ವರ್ಷ ಆಯ್ತು, ಆದ್ರೆ ಒಂದೇ ದಿನದಲ್ಲಿ 250 ಕಿ.ಮೀ. ದಾಟಿದ್ದು ಎರಡೇ ಸಲ. ಈಗ ಇಬ್ರಿಗೂ ಒಟ್ಟಿಗೆ 10 ದಿನ ರಜೆ ಸಿಕ್ಕಿದೆ, ಮತ್ತೆ ಯಾವಾಗ ಸಿಗುತ್ತೋ ಗೊತ್ತಿಲ್ಲ, ಅದಕ್ಕೆ ನಾನೂ ಹೆಂಡ್ತೀನೂ ನಮ್ಮ 350 ಸಿಸಿ ಗಾಡೀಲೇ ದೊಡ್ಡದಾಗಿ ಒಂದು ಸುತ್ತು ಹೋಗಿ ಬರೋಣ ಅಂತ ತೀರ್ಮಾನ ಮಾಡಿದೀವಿ. ಮೂರು ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದೀನಿ. ಒಟ್ಟು 5,400 ಕಿ.ಮೀ., ದಿನಕ್ಕೆ 600ರ ಹಾಗೆ 9 ದಿನ, ಒಂದು ದಿನ ರೆಸ್ಟ್. ಮ್ಯಾಪಲ್ಲಿ ದಿನಕ್ಕೆ ಒಂಬತ್ತೂವರೆ ಗಂಟೆ ತೋರಿಸ್ತಿದೆ. ನೋಡೋ ಜಾಗ 23 ಗುರುತು ಹಾಕಿದೀನಿ, ಒಂದನ್ನೂ ಬಿಡೋಕೆ ಮನಸ್ಸಿಲ್ಲ.

ಲಾಂಗ್ ರೈಡ್ ಮಾಡಿರೋರು ಹೇಳಿ, ಇದು ಆಗೋ ಮಾತಾ? ಲಗೇಜ್, ಟೂಲ್ಸ್ ಏನೇನು ಇಟ್ಕೋಬೇಕು ಅಂತಾನೂ ಹೇಳಿದ್ರೆ ಉಪಕಾರ ಆಗುತ್ತೆ.

ಐದನೇಗೇರ್
ಆಗುತ್ತೆ ಗುರು, ಧೈರ್ಯವಾಗಿ ಹೊರಡು. ಬೆಳಗ್ಗೆ 5ಕ್ಕೆ ಗಾಡಿ ಎತ್ತಿದ್ರೆ 11ರೊಳಗೆ 300 ಮುಗೀತು. ನಾನು 24 ಗಂಟೇಲಿ 1,600 ಹೊಡ್ದಿದೀನಿ, 600 ಏನು ಮಹಾ.

ಹಳೇಗಾಡಿ
ಐದನೇಗೇರ್ ಅವ್ರೇ, ನೀವು ಒಂದು ದಿನ ಮಾಡಿದ್ದು ಬೇರೆ, ಇವ್ರು ಒಂಬತ್ತು ದಿನ ಮಾಡೋದು ಬೇರೆ. ಅದೂ ಹಿಂದೆ ಒಬ್ರನ್ನ ಕೂರಿಸ್ಕೊಂಡು, ಲಗೇಜ್ ಕಟ್ಕೊಂಡು.

ತಮ್ಮಾ ಮೊದಲಸವಾರಿ, ಮ್ಯಾಪ್ ತೋರಿಸೋ ಒಂಬತ್ತೂವರೆ ಗಂಟೆ ಚಕ್ರ ಉರುಳೋ ಟೈಮ್ ಮಾತ್ರ. ಪೆಟ್ರೋಲಿಗೆ ನಿಲ್ಲಿಸ್ತೀಯ, ನೀರು ಕುಡಿಯೋಕೆ, ಊಟಕ್ಕೆ, ಬಾತ್‌ರೂಮಿಗೆ, ಫೋಟೋಗೆ, ದಾರಿ ತಪ್ಪಿದ್ರೆ ವಾಪಸ್ ಬರೋಕೆ, ಜಾಕೆಟ್ ಹಾಕೋಕೆ ತೆಗೆಯೋಕೆ, ಇದೆಲ್ಲಾ ಸೇರಿದ್ರೆ ಇಡೀ ದಿನದ ಸರಾಸರಿ ಗಂಟೆಗೆ 50 ಬಂದ್ರೆ ಪುಣ್ಯ. ಅಂದ್ರೆ 600ಕ್ಕೆ 12 ಗಂಟೆ. ಅದಾದ್ಮೇಲೆ 23 ಜಾಗ ಯಾವಾಗ ನೋಡ್ತೀಯ?

ನನ್ನ ಕಥೆ ಹೇಳ್ತೀನಿ, ಬೇರೆ ಯಾರಿಗೂ ಆಗೋದು ಬೇಡ ಅಂತ. ಏಳನೇ ದಿನ, ಸಂಜೆ, ಉಳ್ಕೊಳೋ ಜಾಗ ಇನ್ನು 16 ಕಿ.ಮೀ. ಅಂತ ಬೋರ್ಡ್ ನೋಡಿ ಹತ್ತು ನಿಮಿಷ ಆಗಿಲ್ಲ. ಎಡಕ್ಕೆ ತಿರುವು, ಮಧ್ಯದಲ್ಲಿ ಜಲ್ಲಿಕಲ್ಲು ಚೆಲ್ಲಿತ್ತು. ಬೆಳಗ್ಗೆ ಆಗಿದ್ರೆ ತಿರುವಿನ ಆಚೆ ತುದಿ ನೋಡ್ಕೊಂಡು ಜಲ್ಲಿ ಪಕ್ಕದಲ್ಲೇ ದಾಟಿ ಹೋಗ್ತಿದ್ದೆ. ಆವತ್ತು ಕಣ್ಣು ಆ ಜಲ್ಲಿಗೇ ಅಂಟ್ಕೊಂಡ್ಬಿಡ್ತು. ಕಣ್ಣು ಎಲ್ಲಿರುತ್ತೋ ಗಾಡಿ ಅಲ್ಲಿಗೇ ಹೋಗುತ್ತೆ. ಕಾಲರ್ ಬೋನ್ ಮುರೀತು, ಟೂರ್ ಅಲ್ಲಿಗೆ ಮುಗೀತು. ಸ್ಪೀಡ್ ಬರೀ 45. ಸುಸ್ತಾಗಿದ್ದೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ, ಚೆನ್ನಾಗೇ ಇದೀನಿ ಅಂದ್ಕೊಂಡಿದ್ದೆ.

ನನ್ನ ಲೆಕ್ಕ: ಜೋಡಿ ಸವಾರಿಗೆ ದಿನಕ್ಕೆ 300–350, ಘಾಟಿ ದಾರಿ ಇದ್ರೆ 200. ಮೂರು ದಿನ ಓಡ್ಸಿದ್ರೆ ನಾಲ್ಕನೇ ದಿನ ಗಾಡಿ ಮುಟ್ಟಬಾರ್ದು.

ಐದನೇಗೇರ್
ಹಳೇಗಾಡಿ ಸರ್, ಬಿದ್ದಿದ್ದಕ್ಕೆ ಬೇಜಾರಾಯ್ತು. ಆದ್ರೆ 300 ಅಂದ್ರೆ ತೀರಾ ಕಮ್ಮಿ, ಒಳ್ಳೆ ಹೈವೇಲಿ ಮಧ್ಯಾಹ್ನಕ್ಕೇ ಮುಗಿದು ಹೋಗುತ್ತೆ.

ಹಳೇಗಾಡಿ
ಮುಗೀಲಿ ಬಿಡಿ. ಮಧ್ಯಾಹ್ನ ಮುಗಿದ್ರೆ ಆ ಊರಲ್ಲಿ ಒಂದು ಸಂಜೆ ಸಿಗುತ್ತಲ್ಲ. ಕತ್ತಲಾದ್ಮೇಲೆ ಹೋಗಿ ಮಲಗಿ ಕತ್ತಲಲ್ಲೇ ಎದ್ದು ಬರೋದಾದ್ರೆ ಆ ಊರಿಗೆ ಯಾಕೆ ಹೋಗ್ಬೇಕು?

ಸ್ಪ್ರಾಕೆಟ್
24 ಗಂಟೆ 1,600 ಅನ್ನೋದು ಐರನ್ ಬಟ್ ಅಸೋಸಿಯೇಷನ್ ಅನ್ನೋ ಲಾಂಗ್ ರೈಡ್ ಮಾಡೋರ ಸಂಘದ ಸ್ಯಾಡಲ್‌ಸೋರ್ 1000 ಸವಾಲು. 1,000 ಮೈಲಿ, ಅಂದ್ರೆ 1,609 ಕಿ.ಮೀ. ಅದು ಸಹಿಷ್ಣುತೆಯ ಪರೀಕ್ಷೆ, ಅದಕ್ಕೇ ಪ್ರತ್ಯೇಕ ತಯಾರಿ ಬೇಕು. ಟೂರಿಂಗ್ ಬೇರೆ ವಿದ್ಯೆ. ಎರಡನ್ನೂ ಒಂದೇ ತಕ್ಕಡೀಲಿ ತೂಗೋದು ತಪ್ಪು. ಐದನೇಗೇರ್ ಮಾಡಿದ್ದು ನಿಜಕ್ಕೂ ದೊಡ್ಡದೇ, ಆದ್ರೆ ಇವ್ರ ಪ್ರಶ್ನೆಗೆ ಉತ್ತರ ಅಲ್ಲ.

ಇನ್ನೊಂದು ಲೆಕ್ಕ. 80ರಲ್ಲಿ ಹೋಗೋವಾಗ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗ್ತಿರುತ್ತೆ. ಊಟ ಆದ್ಮೇಲೆ ಮಧ್ಯಾಹ್ನ ನಾಲ್ಕೇ ನಾಲ್ಕು ಸೆಕೆಂಡ್ ರೆಪ್ಪೆ ಜೋಲಿದ್ರೆ 88 ಮೀಟರ್ ಗಾಡಿ ತನ್ನಷ್ಟಕ್ಕೆ ಹೋಯ್ತು ಅಂತ.

ಹಿಂದಿನಸೀಟು
ಎಲ್ಲಾ ಓಡಿಸೋರ ಲೆಕ್ಕಾನೇ ಹೇಳ್ತಿದೀರಲ್ಲ, ಹಿಂದೆ ಕೂರೋರನ್ನ ಯಾರೂ ಕೇಳ್ತಾನೇ ಇಲ್ಲ. ನಾನು ಹತ್ತು ವರ್ಷದಿಂದ ಯಜಮಾನ್ರ ಹಿಂದೆ ಕೂತು ಸುತ್ತಿದೀನಿ, ಸ್ವಲ್ಪ ವಿವರವಾಗೇ ಹೇಳ್ತೀನಿ.

ಮುಂದೆ ಕೂತೋರಿಗೆ ಹ್ಯಾಂಡಲ್ ಇರುತ್ತೆ, ಗುಂಡಿ ಕಾಣುತ್ತೆ, ಬರ್ತಿದೆ ಅಂತ ಗೊತ್ತಾಗಿ ಮೊದ್ಲೇ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೊಂಟ ಎತ್ತಿಕೊಳ್ತಾರೆ. ನಮಗೆ ಮುಂದೆ ಕಾಣೋದು ಒಂದು ಹೆಲ್ಮೆಟ್‌ನ ಹಿಂಭಾಗ ಅಷ್ಟೇ. ಪ್ರತಿ ಹೊಡೆತಾನೂ ಹೇಳ್ದೆ ಕೇಳ್ದೆ ಬೆನ್ನುಮೂಳೆಗೆ ಬಂದು ಬಡಿಯುತ್ತೆ. ಬ್ರೇಕ್ ಹಿಡ್ದಾಗೆಲ್ಲಾ ಹೆಲ್ಮೆಟ್ಟಿಗೆ ಹೆಲ್ಮೆಟ್ ಟಕ್ ಅನ್ನುತ್ತೆ. ಸೀಟು ಮುಂದಿಗಿಂತ ತೆಳ್ಳಗೆ, ಮಂಡಿ ಮಡಚಿದ್ದು ಮಡಚಿದ ಹಾಗೇ. ಒಂದು ಗಂಟೆ ಆದ್ಮೇಲೆ ತೊಡೆ ಜೋಮು ಹಿಡಿಯುತ್ತೆ. ಆದ್ರೂ ಎಷ್ಟೋ ಜನ ಬಾಯಿ ಬಿಟ್ಟು ಹೇಳಲ್ಲ, ಇವ್ರ ಖುಷಿ ಯಾಕೆ ಹಾಳು ಮಾಡ್ಲಿ ಅಂತ.

ನಮ್ಮ ಮೊದಲ ಟೂರಲ್ಲಿ ಮೂರನೇ ದಿನ ಒಂದು ಜಾಗದಲ್ಲಿ ಗಾಡಿ ನಿಲ್ಲಿಸಿದ್ರು, ಇಳಿಯೋಕೆ ಹೋದ್ರೆ ಕಾಲು ನೆಲ ಮುಟ್ಟಿದ್ದೇ ಗೊತ್ತಾಗ್ಲಿಲ್ಲ, ಅಲ್ಲೇ ಕುಸಿದು ಕೂತೆ. ಅವತ್ತಿಂದ ನಮ್ಮಲ್ಲಿ ನಿಯಮ ಆಗಿದೆ. ಬಲ ಭುಜಕ್ಕೆ ಒಂದು ಸಲ ತಟ್ಟಿದ್ರೆ ಸಿಕ್ಕ ಜಾಗದಲ್ಲಿ ನಿಲ್ಲಿಸ್ಬೇಕು. ಎರಡು ಸಲ ತಟ್ಟಿದ್ರೆ ಸ್ಪೀಡ್ ಇಳಿಸ್ಬೇಕು. ಯಾಕೆ ಏನು ಅಂತ ಕೇಳೋ ಹಾಗಿಲ್ಲ. 70–80 ಕಿ.ಮೀ.ಗೆ ಒಂದ್ಸಲ ಇಳಿದು ಐದು ನಿಮಿಷ ಓಡಾಡ್ತೀವಿ, ಸುಸ್ತಾಗ್ಲಿ ಬಿಡ್ಲಿ.

ಮೊದಲಸವಾರಿ ಅವ್ರೇ, ಆ ಎಕ್ಸೆಲ್ ಶೀಟನ್ನ ನಿಮ್ಮ ಮನೆಯವ್ರು ನೋಡಿದಾರಾ? ಆ 23ರಲ್ಲಿ ಅವ್ರು ಆರಿಸಿದ್ದು ಎಷ್ಟು?

ಮೊದಲಸವಾರಿ
ಅಕ್ಕ, ನಿಮ್ಮ ಪ್ರಶ್ನೆ ಓದಿ ಈಗ್ಲೇ ಹೋಗಿ ಕೇಳ್ದೆ. ಅವಳು ಆರಿಸಿದ್ದು ಮೂರೇ. ಉಳಿದಿದ್ದೆಲ್ಲಾ ನಂದು. "ಒಂದು ಕೆರೆ ದಂಡೆ ಮೇಲೆ ಅವಸರ ಇಲ್ದೆ ಕೂತ್ಕೊಳೋಕೆ ಸಿಕ್ಕಿದ್ರೆ ಸಾಕು" ಅಂದ್ಲು. ಶೀಟ್ ಮತ್ತೆ ಬರೀಬೇಕು.

ಉದ್ದದಾರಿ
ಅಕ್ಕಾರು ಖರೇ ಹೇಳ್ಯಾರ ನೋಡ್ರಿ. ನಾ ಇನ್ನೊಂದು ಹೇಳ್ತೀನ್ರಿ, ನೀರಿಂದು. ಬಿಸಲಾಗ ಗಾಡಿ ಹೊಡಿಯೂ ಮುಂದ ಬೆವರು ಗಾಳಿಗೆ ಅಲ್ಲೇ ಆರಿ ಹೋಗ್ತೈತಿ, ಮೈಯಾಗಿನ ನೀರು ಹೊಂಟೈತಿ ಅಂತ ಗೊತ್ತೇ ಆಗೂದಿಲ್ಲ. ತಲಿ ನೋವು ಬರ್ತೈತಿ, ಸಿಟ್ಟು ಬರ್ತೈತಿ, ಓವರ್‌ಟೇಕ್ ಮಾಡೂ ಲೆಕ್ಕ ತಪ್ಪತೈತಿ. ನಿಂತಲ್ಲೆಲ್ಲಾ ಎರಡು ಗುಟುಕು ಕುಡೀರಿ, ನೀರಡಿಕಿ ಆಗೂತನಾ ಕಾಯಬ್ಯಾಡ್ರಿ.

ಮತ್ತ 38–40 ಡಿಗ್ರಿ ಬಿಸಲಿದ್ರ ಜಾಕೆಟ್ ಬಿಚ್ಚಿ ಹೋದ್ರ ತಂಪಾಗ್ತೈತಿ ಅಂತಾರಲ್ಲ, ಅದು ತಪ್ಪರೀ. ಗಾಳಿ ಮೈಗಿಂತ ಬಿಸಿ ಇದ್ದಾಗ ಅದು ಮೈಗೆ ಇನ್ನಷ್ಟು ಬಿಸಿ ಕೊಡ್ತೈತಿ. ಒಳಗಿನ ಅಂಗಿ ಹಸಿ ಮಾಡ್ಕೊಂಡು ಮ್ಯಾಲೆ ಜಾಕೆಟ್ ಹಾಕ್ಕೊಂಡು ಕುಂದ್ರಿ, ಒಂದು ತಾಸು ಹಾಯಾಗಿ ಹೋಗ್ಬಹುದು.

ಮಳೆಕೋಟು
ಬಿಸಿಲಿನ ಕಥೆ ಆಯ್ತು, ಚಳಿಯದ್ದು ಕೂಡ ಉಂಟು. 10 ಡಿಗ್ರಿ ಇರುವಾಗ 80ರಲ್ಲಿ ಹೋದ್ರೆ ಚರ್ಮಕ್ಕೆ 4–5 ಡಿಗ್ರಿ ಆದ ಹಾಗೆ. ಒದ್ದೆ ಇದ್ರೆ ಮತ್ತೂ ಕಷ್ಟ. ಬೆರಳು ಮರಗಟ್ಟಿದ್ರೆ ಬ್ರೇಕ್ ಎಷ್ಟು ಹಿಡಿದೆವು ಅಂತ ಗೊತ್ತಾಗುದಿಲ್ಲ.

ಮಳೆ ಬಂದ ಮೇಲೆ ರೈನ್‌ಕೋಟ್ ಹಾಕುದಲ್ಲ ಮಾರಾಯ್ರೆ, ಮೋಡ ಕಂಡ ಕೂಡಲೇ ಹಾಕ್ಬೇಕು. ಐದು ನಿಮಿಷ ನೋಡುವ ಅಂತ ಹೋಗಿ ಪೂರ್ತಿ ಒದ್ದೆ ಆಗಿ ಆಮೇಲೆ ಮೇಲಿಂದ ರೈನ್‌ಕೋಟ್ ಹಾಕಿದ್ರೆ ಒಳಗಿನ ನೀರು ಒಳಗೇ. ಶುರುವಿನ ಹತ್ತು ಹದಿನೈದು ನಿಮಿಷದ ಮಳೆಯಲ್ಲಿ ರಸ್ತೆ ಹೆಚ್ಚು ಜಾರುವುದು, ಆಯಿಲು, ಧೂಳು ಎಲ್ಲ ಮೇಲೆ ಏಳ್ತದೆ. ಬಿಳಿ ಪೇಂಟಿನ ಗೆರೆ ಮೇಲೆ, ಕಬ್ಬಿಣದ ಪ್ಲೇಟಿನ ಮೇಲೆ ಗಾಡಿ ವಾಲಿಸ್ಲಿಕ್ಕೇ ಹೋಗ್ಬೇಡಿ.

ಗ್ಯಾರೇಜ್‌ಮಂಜು
ಟೂಲ್ಸ್ ಬಗ್ಗೆ ಕೇಳಿದ್ರಲ್ಲ ಬ್ರದರ್. ದೊಡ್ಡ ಪೆಟ್ಟಿಗೆ ಏನೂ ಬೇಡ. ದಾರೀಲಿ ಗಾಡಿ ನಿಲ್ಲೋದು ನಾಲ್ಕೈದು ಕಾರಣಕ್ಕೆ: ಪಂಕ್ಚರ್, ಚೈನ್, ಕೇಬಲ್, ಫ್ಯೂಸ್, ಬ್ಯಾಟರಿ ಟರ್ಮಿನಲ್ ಲೂಸ್. ಇಷ್ಟಕ್ಕೆ ತಯಾರಿದ್ರೆ ಸಾಕು.

ಕ್ಲಚ್ ಕೇಬಲ್‌ಗೆ ಒಂದು ಉಪಾಯ ಇದೆ. ಹೊಸ ಕೇಬಲ್ ತಗೊಂಡು ಬ್ಯಾಗಲ್ಲಿ ಇಡ್ಬೇಡಿ. ಹಳೇ ಕೇಬಲ್ ಪಕ್ಕದಲ್ಲೇ, ಅದೇ ದಾರೀಲಿ, ಟ್ಯಾಂಕ್ ಕೆಳಗಿಂದ ಹಾಯಿಸಿ ಎರಡೂ ತುದಿಗೆ ಟೇಪ್ ಸುತ್ತಿ ಬಿಡಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಳೀತಿಲ್ಲ ಅಂತ ನೋಡ್ಕೊಳಿ. ಹಳೇದು ಕಿತ್ತೋದ್ರೆ ಟ್ಯಾಂಕ್ ಬಿಚ್ಚೋ ಕೆಲಸ ಇಲ್ಲ, ಎರಡು ತುದಿ ಸಿಕ್ಕಿಸಿದ್ರೆ ಹತ್ತು ನಿಮಿಷದಲ್ಲಿ ಹೊರಡಬಹುದು.

ಚೈನು 500–600 ಕಿ.ಮೀ.ಗೆ ಒಂದ್ಸಲ ಲ್ಯೂಬ್ ಮಾಡಿ, ಮಳೇಲಿ ಹೋದ ದಿನ ಸಂಜೇನೇ ಮಾಡಿ. ಗಾಡಿ ನಿಲ್ಲಿಸಿದ ತಕ್ಷಣ ಚೈನ್ ಬೆಚ್ಚಗಿರುವಾಗ, ಒಳಗಿನ ಮಗ್ಗುಲಿಗೆ ಹಾಕಬೇಕು, ರಾತ್ರಿಯೆಲ್ಲಾ ಒಳಕ್ಕೆ ಇಳಿಯುತ್ತೆ. ಇಂಜಿನ್ ಆನ್ ಮಾಡಿ ಗೇರಲ್ಲಿ ಚಕ್ರ ತಿರುಗಿಸಿ ಚೈನ್ ಒರೆಸೋಕೆ ಯಾವತ್ತೂ ಹೋಗ್ಬೇಡಿ, ಬೆರಳು ಹೋಗಿರೋರನ್ನ ನೋಡಿದೀನಿ. ಕೈಯಲ್ಲೇ ತಿರುಗಿಸಿ.

ಸ್ಪ್ರಾಕೆಟ್
ಮಂಜು ಅವ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಟೂರಿಗೆ ಮುಂಚೆ ಸರ್ವಿಸ್ ಮಾಡಿಸಿದ್ರೆ ಅದೇ ದಿನ ಹೊರಡಬೇಡಿ. ನಂಗೆ ಒಂದ್ಸಲ ಸರ್ವಿಸಲ್ಲಿ ಚೈನ್ ಬಿಗಿ ಮಾಡಿ ಕಳಿಸಿದ್ರು, ಖಾಲಿ ಗಾಡೀಲಿ ಸರಿ ಅನ್ನಿಸ್ತಿತ್ತು, ಲಗೇಜ್ ಹಾಕಿ ಇಬ್ರು ಕೂತ್ರೆ ಹಿಂದಿನ ಶಾಕ್ ಕುಗ್ಗಿ ಚೈನು ತಂತಿ ಥರ ಬಿಗೀತು. 900 ಕಿ.ಮೀ. ಹೋಗೋಷ್ಟರಲ್ಲಿ ಮುಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲುಚಕ್ರ) ಹತ್ರ ಆಯಿಲ್ ಜಿನುಗೋಕೆ ಶುರು. ಮ್ಯಾನ್ಯುಯಲ್‌ನಲ್ಲಿ ನಿಮ್ಮ ಗಾಡಿಗೆ ಎಷ್ಟು ಸಡಿಲ ಅಂತ ಬರೆದಿರುತ್ತೆ, ಸಾಮಾನ್ಯ 25–35 ಮಿ.ಮೀ. ಚಕ್ರ ತಿರುಗಿಸ್ತಾ ಎಲ್ಲಿ ಅತೀ ಬಿಗಿ ಇದೆಯೋ ಅಲ್ಲಿ ಅಳೀಬೇಕು. ಸರ್ವಿಸ್ ಆದ್ಮೇಲೆ 200–300 ಕಿ.ಮೀ. ಓಡಿಸಿ ನೋಡಿ, ಆಮೇಲೆ ಹೊರಡಿ.

ಮೊದಲಸವಾರಿ
ಗಾಳಿ ಎಷ್ಟು ಹಾಕ್ಲಿ ಮಂಜಣ್ಣ? ಟ್ಯೂಬ್ ಟೈರ್ ನಂದು.

ಗ್ಯಾರೇಜ್‌ಮಂಜು
ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಅಥವಾ ಚೈನ್ ಕವರ್ ಮೇಲೆ ಸ್ಟಿಕ್ಕರ್ ಇರುತ್ತೆ ನೋಡಿ, ಇಬ್ರಿಗೆ ಬೇರೆ ಅಂಕಿ ಇರುತ್ತೆ. ಬೆಳಗ್ಗೆ ಹೊರಡೋ ಮುಂಚೆ, ಟೈರ್ ತಣ್ಣಗಿರುವಾಗ ಅಳೀರಿ. ಓಡಿಸಿ ಬಿಸಿಯಾದ್ಮೇಲೆ ನಾಲ್ಕು ಪಾಯಿಂಟ್ ಜಾಸ್ತಿ ತೋರಿಸುತ್ತೆ, ಜಾಸ್ತಿ ಆಯ್ತು ಅಂತ ಗಾಳಿ ತೆಗೆದ್ರೆ ಬೆಳಗ್ಗೆ ಕಮ್ಮಿ ಆಗಿರುತ್ತೆ. ಸ್ವಂತ ಗೇಜ್ ಇಟ್ಕೊಳಿ.

ಟ್ಯೂಬ್ ಟೈರ್ ಆದ್ರೆ ಟೈರ್ ಬಿಚ್ಚೋ ಎರಡು ಲಿವರ್, ಪಂಪ್, ಪ್ಯಾಚ್, ಮುಂದೊಂದು ಹಿಂದೊಂದು ಟ್ಯೂಬ್. ಮುಖ್ಯ ಏನಂದ್ರೆ ಮನೇಲೇ ಒಂದು ಭಾನುವಾರ ಹಿಂದಿನ ಚಕ್ರ ಬಿಚ್ಚಿ, ಟೈರ್ ತೆಗೆದು, ಮತ್ತೆ ಹಾಕಿ ಅಭ್ಯಾಸ ಮಾಡಿ. ಆಕ್ಸಲ್ ನಟ್ಟಿಗೆ ಬೇಕಾದ ಸ್ಪ್ಯಾನರ್ ಕಂಪನಿ ಕಿಟ್ಟಲ್ಲಿ ಇಲ್ಲ ಅನ್ನೋದು ಮನೇಲಿ ಗೊತ್ತಾದ್ರೆ ಒಳ್ಳೇದು, ಕಾಡಿನ ಮಧ್ಯ ಗೊತ್ತಾದ್ರೆ ಕಷ್ಟ.

ಒಂಟಿಚಕ್ರ
ಇಯರ್‌ಪ್ಲಗ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ. ಸಂಜೆ ಬರೋ ಸುಸ್ತಲ್ಲಿ ದೊಡ್ಡ ಪಾಲು ಗಾಳಿ ಸದ್ದಿಂದು.

ಐದನೇಗೇರ್
ಅಯ್ಯೋ ಕಿವಿ ಮುಚ್ಕೊಂಡು ಓಡ್ಸೋದಾ? ಹಿಂದಿಂದ ಲಾರಿ ಹಾರ್ನ್ ಹೊಡೆದ್ರೆ ಕೇಳೋದು ಹೇಗೆ? ಇದನ್ನ ಒಪ್ಪಲ್ಲ ನಾನು.

ಒಂಟಿಚಕ್ರ
ಕೇಳುತ್ತೆ ಬ್ರೋ, ಫೋಮ್ ಪ್ಲಗ್ ಸದ್ದನ್ನ ಪೂರ್ತಿ ನಿಲ್ಲಿಸಲ್ಲ, ಇಳಿಸುತ್ತೆ ಅಷ್ಟೇ. 100ರ ವೇಗದಲ್ಲಿ ಒಳ್ಳೇ ಹೆಲ್ಮೆಟ್ ಒಳಗೂ ಸದ್ದು 95–100 ಡೆಸಿಬಲ್ ಹತ್ರ ಇರುತ್ತೆ. 85 ಡೆಸಿಬಲ್ ಆದ್ರೆ ಎಂಟು ಗಂಟೆ ತಡ್ಕೊಬಹುದು, ಪ್ರತಿ 3 ಡೆಸಿಬಲ್ ಏರಿದ ಹಾಗೆ ಟೈಮ್ ಅರ್ಧ ಆಗುತ್ತೆ, 100ಕ್ಕೆ ಬಂದ್ರೆ ಬರೀ 15 ನಿಮಿಷ. ನಾವು ಇಡೀ ದಿನ ಅದರಲ್ಲೇ ಇರ್ತೀವಿ. ಗಾಳಿಯ ಭೋರ್ ಅನ್ನೋದು ತಗ್ಗಿದ ಮೇಲೆ ಹಾರ್ನು, ಇಂಜಿನ್ ಸದ್ದು ಇನ್ನೂ ಬಿಡಿಬಿಡಿಯಾಗಿ ಕೇಳ್ತವೆ. ಊರೊಳಗೆ ನಿಧಾನಕ್ಕೆ ಹೋಗೋವಾಗ ಬೇಕಿದ್ರೆ ತೆಗೀರಿ.

ಸುಮ್ನೆ ತುರುಕಿದ್ರೆ ಕೆಲಸ ಮಾಡಲ್ಲ. ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ, ಇನ್ನೊಂದು ಕೈ ತಲೆ ಮೇಲಿಂದ ತಂದು ಕಿವಿ ತುದಿ ಮೇಲಕ್ಕೆ ಎಳ್ಕೊಂಡು ಒಳಗೆ ಇಟ್ಟು ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡೀಬೇಕು.

ಐದನೇಗೇರ್
ಸರಿ, ಒಂದ್ಸಲ ಹಾಕಿ ನೋಡಿ ಹೇಳ್ತೀನಿ.

ರಸ್ತೆಬದಿ
ವಿಷಯ ಬೇರೆ ಆಗುತ್ತೆ, ಕ್ಷಮಿಸಿ. ಟೂರಿಂಗ್ ಅಂದ್ರೆ ದೊಡ್ಡ ಅಡ್ವೆಂಚರ್ ಬೈಕೇ ಬೇಕು ಅಂತ ಎಲ್ಲಾ ಕಡೆ ಹೇಳ್ತಾರಲ್ಲ, 350ರಲ್ಲಿ ಇಬ್ರು ಹೋಗೋದು ಗಾಡಿಗೆ ಹೊರೆ ಅಲ್ವಾ? ಇವ್ರು ಗಾಡಿ ಬದಲಾಯಿಸೋದೇ ಒಳ್ಳೇದೇನೋ.

ಹಳೇಗಾಡಿ
ಖಂಡಿತಾ ಬೇಡ. ಬ್ರಿಟಿಷ್ ಪತ್ರಕರ್ತ ಟೆಡ್ ಸೈಮನ್ 1973ರಲ್ಲಿ 500 ಸಿಸಿ ಟ್ರಯಂಫ್ ಟೈಗರ್ 100 ಹತ್ತಿ ಹೊರಟು ನಾಲ್ಕು ವರ್ಷ ಭೂಮಿ ಸುತ್ತಿದ್ರು, ಹತ್ರ ಹತ್ರ 1 ಲಕ್ಷ ಕಿ.ಮೀ. ಇವತ್ತಿನ ಲೆಕ್ಕದಲ್ಲಿ ಅದು ಟೂರಿಂಗ್ ಗಾಡೀನೇ ಅಲ್ಲ. ಹೋಂಡಾ ಸೂಪರ್ ಕಬ್ ಅನ್ನೋ ಪುಟ್ಟ ಗಾಡೀಲಿ ದೇಶ ದಾಟಿದೋರು ಎಷ್ಟೋ ಜನ ಇದಾರೆ, 2017ರ ಹೊತ್ತಿಗೆ ಅದು 10 ಕೋಟಿ ತಯಾರಾಗಿತ್ತು, ಅಷ್ಟು ಓಡಾಡೋ ಗಾಡಿಯ ಬಿಡಿಭಾಗಕ್ಕೆ ಬರ ಇರುತ್ತಾ?

ಹಿಂದಿನಸೀಟು
ಹೆಂಗಸರನ್ನೂ ನೆನೀರಿ. ಎಲ್ಸ್‌ಪೆತ್ ಬಿಯರ್ಡ್ 1982ರಲ್ಲಿ ಲಂಡನ್ನಿಂದ ಹಳೇ 600 ಸಿಸಿ ಬಿಎಂಡಬ್ಲ್ಯು ತಗೊಂಡು ಒಬ್ರೇ ಹೊರಟು 1984ರಲ್ಲಿ ಭೂಮಿ ಸುತ್ತಿ ವಾಪಸ್ ಬಂದ್ರು. ಅವ್ರಿಗೂ ಮುಂಚೆ 1934ರ ಡಿಸೆಂಬರಲ್ಲಿ ಥೆರೆಸಾ ವಾಲಕ್, ಫ್ಲಾರೆನ್ಸ್ ಬ್ಲೆಂಕಿರಾನ್ ಇಬ್ರು ಲಂಡನ್ನಿಂದ ಕೇಪ್‌ಟೌನಿಗೆ ಹೊರಟಿದ್ರು, 600 ಸಿಸಿ ಪ್ಯಾಂಥರ್, ಅದಕ್ಕೊಂದು ಸೈಡ್‌ಕಾರ್, ಹಿಂದೊಂದು ಟ್ರೇಲರ್. ಸಹಾರಾ ದಾಟಿ 1935ರ ಜುಲೈಗೆ ಮುಟ್ಟಿದ್ರು. ಇದನ್ನ ಮೊದಲು ಓದಿದಾಗ ನಂಗೆ ಮೈ ಜುಮ್ಮಂದಿತ್ತು. ಹೋದ ವರ್ಷ ನಾನೂ ಲೈಸೆನ್ಸ್ ತಗೊಂಡೆ.

ಉದ್ದದಾರಿ
ಭಾಳ ಛಲೋ ಆತು ಅಕ್ಕಾರ! ಮುಂದಿನ ಸಲ ನೀವು ಮುಂದ, ಯಜಮಾನ್ರು ಹಿಂದ.

ಸ್ಪ್ರಾಕೆಟ್
ಹೊರೆ ವಿಷಯಕ್ಕೆ ಬರ್ತೀನಿ, ರಸ್ತೆಬದಿ ಕೇಳಿದ್ದು ಸರಿಯಾದ ಪ್ರಶ್ನೇನೇ. ಸಿಸಿ ನೋಡ್ಬೇಡಿ, ಮ್ಯಾನ್ಯುಯಲ್‌ನಲ್ಲಿ ಗಾಡಿ ಹೊರಬಹುದಾದ ಒಟ್ಟು ತೂಕ ಇರುತ್ತೆ ಅದನ್ನ ನೋಡಿ. ಅದರಲ್ಲಿ ಗಾಡಿ ತೂಕ ಕಳೀರಿ, ಹೆಲ್ಮೆಟ್ಟು, ಜಾಕೆಟ್ಟು, ಬೂಟು ಸೇರಿಸಿ ಇಬ್ರ ತೂಕ ಕಳೀರಿ. ಉಳಿದಿದ್ದು ಲಗೇಜಿಗೆ. ಲೆಕ್ಕ ಹಾಕಿದ್ರೆ ಎಷ್ಟೋ ಸಲ 15 ಕಿಲೋ ಕೂಡ ಉಳಿಯಲ್ಲ.

ಭಾರದ್ದು ಕೆಳಗೆ, ಗಾಡಿಯ ನಡುವಿಗೆ ಹತ್ರ. ಟಾಪ್ ಬಾಕ್ಸಲ್ಲಿ ಟೂಲ್ಸ್ ತುಂಬಿದ್ರೆ ಅದು ಹಿಂದಿನ ಆಕ್ಸಲ್‌ಗಿಂತ ಆಚೆ ಇರೋದ್ರಿಂದ ಮುಂದಿನ ಚಕ್ರ ಹಗುರ ಆಗುತ್ತೆ, ಸ್ಪೀಡಲ್ಲಿ ಹ್ಯಾಂಡಲ್ ಅಲುಗೋಕೆ ಶುರು ಆಗುತ್ತೆ. ಅಲ್ಲಿ ಬಟ್ಟೆ, ರೈನ್‌ಕೋಟ್ ಇಡಿ.

ಮಳೆಕೋಟು
ರೈನ್‌ಕೋಟ್ ಎಲ್ಲಕ್ಕಿಂತ ಮೇಲೆ ಇಡಿ. ಅಡಿಯಲ್ಲಿ ಇಟ್ರೆ ಮಳೆಯಲ್ಲೇ ಎಲ್ಲ ಬಿಚ್ಚಿ ಹಾಕ್ಬೇಕು.

ಮೊದಲಸವಾರಿ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೊಸ ಪ್ಲಾನ್: ಒಟ್ಟು 2,300 ಕಿ.ಮೀ. ದಿನಕ್ಕೆ ಹೆಚ್ಚಂದ್ರೆ 340. ನಾಲ್ಕನೇ ದಿನ, ಎಂಟನೇ ದಿನ ಗಾಡಿ ತೆಗೆಯಲ್ಲ. 23 ಜಾಗ ಈಗ 8 ಆಗಿದೆ, ಅವಳ ಮೂರೂ ಅದರಲ್ಲಿದೆ. ಬುಕಿಂಗ್ ಮೊದಲ ರಾತ್ರಿಗೆ ಮತ್ತೆ ಎರಡು ರೆಸ್ಟ್ ದಿನಕ್ಕೆ ಮಾತ್ರ ಮಾಡ್ತೀನಿ, ಉಳಿದಿದ್ದು ಅವತ್ತಿನ ಮಧ್ಯಾಹ್ನ ನೋಡ್ಕೊಂಡು. ಹೀಗೆ ಬಿಡೋದು ಸರೀನಾ, ರೂಮ್ ಸಿಗದೇ ಹೋದ್ರೆ?

ಐದನೇಗೇರ್
ಇದರಲ್ಲಿ ನಂದೊಂದು ಮಾತು ಕೇಳು ಗುರು. ಎಲ್ಲಾ ಬುಕ್ ಮಾಡಿದ್ರೆ ಸುಸ್ತಾದ್ರೂ ಅಲ್ಲಿಗೆ ಹೋಗ್ಲೇಬೇಕು ಅಂತ ಎಳೀತೀಯ. ನಾನೂ ಹಾಗೇ ಒಂದ್ಸಲ ಸಿಡಿಲು ಮಳೇಲಿ 90 ಕಿ.ಮೀ. ಹೋಗಿದೀನಿ, ರೂಮಿನ ದುಡ್ಡು ಹೋಗುತ್ತಲ್ಲಾ ಅಂತ. ಅದು ತಪ್ಪು. ಮಧ್ಯಾಹ್ನ 3ಕ್ಕೆ ನಿಂತು ಮುಂದಿನ 60–70 ಕಿ.ಮೀ. ಒಳಗೆ ಏನಿದೆ ನೋಡ್ಕೊಂಡು ಫೋನ್ ಮಾಡು. ಹಬ್ಬ, ವೀಕೆಂಡ್ ಇದ್ರೆ ಮಾತ್ರ ಮುಂಚೆ ಬುಕ್ ಮಾಡು. 300ರ ಬಗ್ಗೆ ಹಳೇಗಾಡಿ ಸರ್ ಹೇಳಿದ್ದು, ಜೋಡಿ ಸವಾರಿಗೆ ಸರಿ ಅಂತ ಒಪ್ಕೊಳ್ತೀನಿ.

ಹಳೇಗಾಡಿ
ಒಳ್ಳೇ ಮಾತು ಹೇಳಿದ್ರಿ. ತಮ್ಮಾ, ಇನ್ನೊಂದೇ ಕೆಲಸ ಬಾಕಿ. ಹೊರಡೋ ಮುಂಚಿನ ವಾರ ಪೂರ್ತಿ ಲಗೇಜ್ ಕಟ್ಟಿ, ಇಬ್ರೂ ಕೂತು, ಒಂದು ದಿನ 300 ಹೋಗಿ ಬಾ. ಸ್ವಲ್ಪ ಕತ್ತಲಾದ್ಮೇಲೆ ವಾಪಸ್ ಬಾ.

ಮೊದಲಸವಾರಿ
ಹಳೇಗಾಡಿ ಸರ್, ನಿನ್ನೆ ಹೋಗಿ ಬಂದ್ವಿ. 310 ಕಿ.ಮೀ., ಬೆಳಗ್ಗೆ 6ಕ್ಕೆ ಹೊರಟು ರಾತ್ರಿ ಏಳೂವರೆಗೆ ಮನೆ. ಅವಳು ಭುಜ ತಟ್ಟಿದ್ದು ಆರು ಸಲ, ಆರೂ ಸಲ ನಿಲ್ಲಿಸ್ದೆ. ಒಂದ್ಸಲ ಸುಸ್ತಿಗಲ್ಲ, ಗದ್ದೆ ಬದೀಲಿ ಬೆಳ್ಳಕ್ಕಿ ಹಿಂಡು ಕೂತಿತ್ತು ಅಂತ. ಅಲ್ಲಿ ಅರ್ಧ ಗಂಟೆ ಕೂತ್ವಿ, ಶೀಟಲ್ಲಿ ಇಲ್ದೇ ಇರೋ ಜಾಗ. ಇಯರ್‌ಪ್ಲಗ್ ಇಬ್ರೂ ಹಾಕಿದ್ವಿ, ಮನೆಗೆ ಬಂದ್ಮೇಲೆ ಕಿವೀಲಿ ಗುಂಯ್ ಅನ್ನೋದು ಇರ್ಲಿಲ್ಲ.

ಒಂದು ತೊಂದರೆ. ಕತ್ತಲಾದ್ಮೇಲೆ ಹೆಡ್‌ಲೈಟ್ ರಸ್ತೆಗೆ ಬೀಳೋ ಬದಲು ಮರದ ಕೊಂಬೆಗೆ ಹೊಡೀತಿತ್ತು, ಎದುರಿಂದ ಬರೋರೆಲ್ಲಾ ಡಿಪ್ ಮಾಡಿ ಡಿಪ್ ಮಾಡಿ ಅಂತ ಲೈಟ್ ಹಾಕ್ತಿದ್ರು. ಡಿಪ್ಪಲ್ಲೇ ಇದ್ದೆ.

ಗ್ಯಾರೇಜ್‌ಮಂಜು
ಅದಕ್ಕೇ ಹಳೇಗಾಡಿ ಸರ್ ಕತ್ತಲಲ್ಲಿ ಬಾ ಅಂದಿದ್ದು. ಹಿಂದೆ ಭಾರ ಕೂತು ಮೂತಿ ಮೇಲೆದ್ದಿದೆ. ಹಿಂದಿನ ಶಾಕ್ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಎರಡು ನಾಚ್ ಏರಿಸಿ, ಎರಡೂ ಕಡೆ ಸಮ ಇರ್ಲಿ, ಅದನ್ನ ತಿರುಗಿಸೋ ಸಿ-ಸ್ಪ್ಯಾನರ್ ಕಿಟ್ಟಲ್ಲೇ ಇರುತ್ತೆ. ಆಮೇಲೆ ಲಗೇಜ್ ಹಾಕಿ ಇಬ್ರೂ ಕೂತು, ಗೋಡೆಗೆ ಲೈಟ್ ಬಿಟ್ಟು ನೋಡಿ. ಇನ್ನೂ ಮೇಲಿದ್ರೆ ಹೆಡ್‌ಲೈಟ್ ಸ್ಕ್ರೂ ಸಡಿಲಿಸಿ ಸ್ವಲ್ಪ ಬಗ್ಗಿಸಿ. ಪ್ರಿಲೋಡ್ ಏರಿಸಿದ್ಮೇಲೆ ಚೈನ್ ಸಡಿಲ ಇನ್ನೊಂದ್ಸಲ ಚೆಕ್ ಮಾಡಿ, ಮರೀಬೇಡಿ.

ಹಿಂದಿನಸೀಟು
ಬೆಳ್ಳಕ್ಕಿ ಫೋಟೋ ತೆಗೆದಿದ್ರೆ ಹಾಕಿ.

ಮೊದಲಸವಾರಿ
ತೆಗೆದಿಲ್ಲ ಅಕ್ಕ, ಇಬ್ರೂ ಸುಮ್ನೆ ನೋಡ್ತಾ ಕೂತಿದ್ವಿ. ಮಂಜಣ್ಣ, ಸ್ಪ್ಯಾನರ್ ಸಿಕ್ತು, ಈಗ ಹೋಗಿ ಏರಿಸ್ತೀನಿ.